ಬಣ್ಣ ಬಿಡಿಸುವ ಮಾವ

ಜನ ಹವ್ಯಾಸಕ್ಕೆಂದು ಜೋಡಿಸುವ ಪ್ಲಾಸ್ಟಿಕ್ಕಿನ ಪುಟ್ಟ ವಿಮಾನ, ಹಡಗುಗಳಿಗೆ ಕಚ್ಚಿಕೊಂಡ ಸ್ಪ್ರೇ ಬಣ್ಣವನ್ನು ಬಿಡಿಸಿಕೊಡುವ ನಮ್ಮ ಸೋದರಮಾವನಿಗೆ ಸಿಟ್ಟು ಮೂಗಿನ ತುದಿಯಲ್ಲೇ. “ಬಣ್ಣ ಹೊಡೆದಿದೀರೋ, ಗಾರೆ ಮೆತ್ತಿದೀರೋ!” ಎಂದು ತಂದವರ ಮುಖಕ್ಕೇ ಬೈದು, ವಿಮಾನವನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸುತ್ತಾನೆ. ಹಳೆಯ ಬ್ರಷ್ಷಿನಿಂದ ರೆಕ್ಕೆ ಉಜ್ಜುವಾಗ ಅವನು ಹಲ್ಲು ಕಡಿಯುವ ಸದ್ದು ಅಡುಗೆಮನೆಗೂ ಕೇಳುತ್ತದೆ. ಸಂದಿಯಲ್ಲಿ ಬಣ್ಣ ಉಳಿದರಂತೂ, “ಏಳೋ ಮೇಲೆ, ನಿಮ್ಮಪ್ಪನ ಮನೆಯೇನೋ ಇದು!” ಎಂದು ಅದಕ್ಕೇ ಗದರುತ್ತಾನೆ. ಮಾವ ಹರೆಯದಲ್ಲಿ ಜೋಡಿಸಿದ್ದ ವಿಮಾನವೊಂದನ್ನು ಮೊನ್ನೆ ಅತ್ತೆ ಕಪಾಟಿನಿಂದ ಇಳಿಸಿ, “ಊರವರದೆಲ್ಲ ತೊಳೀತೀರಿ, ಇದರ ಕರೀ ಬಣ್ಣ ತೆಗೀಬಾರ್ದೇನ್ರೀ?” ಎಂದಳು. ಆ ಬಣ್ಣ ಮಾವನ ಅಣ್ಣ ಹೊಡೆದದ್ದು; ಆಗ ಮಾವನೊಂದಿಗೆ ಜಗಳವಾಡಿ, ವಿಮಾನದ ಮೈತುಂಬ ಕಪ್ಪು ಸಿಂಪಡಿಸಿ ಮನೆಬಿಟ್ಟವನು ಆಮೇಲೆ ಹೆಣವಾಗಿಯೇ ಬಂದಿದ್ದ. ಮಾವ ವಿಮಾನವನ್ನು ಅವಳ ಕೈಯಿಂದ ಕಿತ್ತುಕೊಂಡು ಕೂಗಿದ: “ಮುಟ್ಟಬೇಡ! ಅವನ ಸಿಟ್ಟಾದ್ರೂ ನನ್ನ ಹತ್ರ ಇರ್ಲಿ.”