ಮಾವ ಏರಿಸಿಟ್ಟ ಕುರ್ಚಿ

ಮೊದಲು ಗೊತ್ತಾದದ್ದು ನನಗಲ್ಲ, ಹಮೀದ್ ಕಾಕನಿಗೆ.

ಹಮೀದ್ ಕಾಕ ನಮ್ಮ ಹಳೆಯ ಡ್ರೈವರ್. ಕೂಳೂರಿನಲ್ಲಿ ನಮ್ಮದೊಂದು ಲಾರಿ ಬುಕಿಂಗ್ ಆಫೀಸು ಇದೆ. ಅವತ್ತು ಬಾಗಿಲಲ್ಲಿ ನಿಂತಿದ್ದ ಅವರಿಗೆ ಲೋಡಿನ ಕಾಗದ ಕೊಡಲು ನಾನು ಕುರ್ಚಿಯಿಂದ ಎದ್ದು ಹೋದೆ. ಅವರು ಕಾಗದ ತೆಗೆದುಕೊಳ್ಳದೆ ನನ್ನ ಕಾಲನ್ನೇ ನೋಡಿದರು.

"ಅಕ್ಕಾ, ನಿಮ್ಮ ಒಂದು ಚಪ್ಪಲಿ ಅಲ್ಲೇ ಉಂಟಲ್ಲ."

ತಿರುಗಿ ನೋಡಿದೆ. ಎಡಗಾಲಿನ ಚಪ್ಪಲಿ ಮೇಜಿನ ಕೆಳಗೆ ಬಿದ್ದಿತ್ತು. ಬರಿಗಾಲಲ್ಲಿ ನಡೆದು ಬಂದದ್ದು ನನ್ನ ಪಾದಕ್ಕೆ ತಿಳಿದೇ ಇರಲಿಲ್ಲ.

ಸೊಂಟನೋವು ಅದಕ್ಕೂ ಮೊದಲೇ ಇತ್ತು. ಸ್ಕೂಟರನ್ನು ಬೈದೆ. ಕಾವೂರಿನಿಂದ ಕೂಳೂರಿಗೆ ಬರುವ ರಸ್ತೆಯ ಹೊಂಡಗಳನ್ನು ಬೈದೆ. ಹಾಸಿಗೆ ಬದಲಿಸಿದೆ. ಅಮ್ಮ ದಿನಾ ಎಣ್ಣೆ ತಿಕ್ಕಿದರು. ಎಲ್ಲರಿಗೂ ಬರುವ ನೋವು, ಹೋಗುತ್ತದೆ ಎಂದು ಸುಮ್ಮನಿದ್ದೆ. ಒಂದು ಬೆಳಿಗ್ಗೆ ನೆಲಕ್ಕೆ ಬಿದ್ದ ಚಮಚ ಹೆಕ್ಕಲು ಬಗ್ಗಿದೆ, ಅಷ್ಟರಲ್ಲಿ ಸೀನು ಬಂತು. ಸೊಂಟದಿಂದ ಹಿಮ್ಮಡಿಯವರೆಗೆ ಕರೆಂಟು ಹೊಡೆದ ಹಾಗಾಯಿತು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆ ಮಾಡಿದವನಿಗೂ ಡಿಸ್ಕ್ ಸಮಸ್ಯೆ ಇದ್ದಿರಬೇಕು.

ಎಂಆರ್‌ಐ ಆಯಿತು. ಡಿಸ್ಕ್ ಬಲ್ಜ್, ಅಂದರೆ ಬೆನ್ನುಮೂಳೆಗಳ ನಡುವಿನ ಬಿಲ್ಲೆ ಉಬ್ಬಿದೆ. ನರಕ್ಕೆ ಒತ್ತುತ್ತಿದೆ.

"ಸರ್ಜರಿ ಈಗ ಬೇಡ," ಎಂದರು ಡಾಕ್ಟರು. "ಫಿಸಿಯೋಥೆರಪಿ ಮಾಡಿ ನೋಡುವ. ಆದ್ರೆ ಪಾದದ ಶಕ್ತಿ ಹೋದ್ರೆ, ಕಾಲು ಎಳೆದ ಹಾಗಾದ್ರೆ, ಮತ್ತೆ ಕಾಯ್ಲಿಕ್ಕೆ ಇಲ್ಲ. ಆಪರೇಷನ್ನೇ. ಮತ್ತೆ ಕೆಲವು ತಿಂಗಳು ಆಫೀಸು ಮರೆತುಬಿಡಿ."

ಆಪರೇಷನ್ ಎಂದರೆ ನನಗೆ ಅಷ್ಟು ಹೆದರಿಕೆ ಇರಲಿಲ್ಲ. ಹೆದರಿಕೆ ಮಾವನ ಬಗ್ಗೆ. ಮಾವ ಎಂದರೆ ಅಮ್ಮನ ಅಣ್ಣ. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಈ ಆಫೀಸನ್ನು ಕಟ್ಟಿದವರು ಅವರು. ಹೃದಯದ ಬೈಪಾಸ್ ಆಪರೇಷನ್ ಆದ ಮೇಲೆ ಅದನ್ನು ನನ್ನ ಕೈಗೆ ಕೊಟ್ಟರು. ಅವರಿಗೆ ಮತ್ತೆ ಆ ಒತ್ತಡ ಆಗಲೇಬಾರದು ಎಂದು ಹೃದಯದ ಡಾಕ್ಟರು ಕೈಮುಗಿದು ಹೇಳಿದ್ದರು. ನಾನು ಹಾಸಿಗೆ ಹಿಡಿದರೆ ಮಾವ ಮರುದಿನವೇ ಹೋಗಿ ಕೂತು, ಮೂರು ಫೋನು ಒಟ್ಟಿಗೆ ಹಿಡಿದು ಬೊಬ್ಬೆ ಹಾಕುತ್ತಾರೆ. ಅವರನ್ನು ತಡೆಯುವ ಗಂಡಾಗಲಿ ಹೆಣ್ಣಾಗಲಿ ನಮ್ಮ ಕುಟುಂಬದಲ್ಲಿ ಹುಟ್ಟಿಲ್ಲ.

ಫಿಸಿಯೋಥೆರಪಿಸ್ಟ್ ರೆನಿಟಾ ಮೊದಲ ದಿನವೇ ಕೇಳಿದಳು. "ನೀವು ಆಫೀಸಲ್ಲಿ ಕೂತ್ಕೊಳ್ಳುವ ಒಂದು ಫೋಟೋ ತನ್ನಿ."

ಹಮೀದ್ ಕಾಕ ತೆಗೆದುಕೊಟ್ಟರು. ನೋಡಿ ನನಗೇ ನಗು ಬಂತು. ಕಾಲೆರಡೂ ನೆಲಕ್ಕೆ ಮುಟ್ಟದೆ ನೇತಾಡುತ್ತಿವೆ. ಸೀಟಿನ ತುದಿಯಲ್ಲಿ ಕೂತಿದ್ದೇನೆ, ಬೆನ್ನಿಗೂ ಹಿಂದಿನ ಒರಗಿಗೂ ನೆಂಟಸ್ತಿಕೆಯೇ ಇಲ್ಲ. ಮೇಜು ತಗ್ಗು, ಅದರ ಮೇಲಿನ ಕಂಪ್ಯೂಟರೂ ತಗ್ಗು. ಅದನ್ನು ನೋಡಲು ಬಾವಿಗೆ ಇಣುಕುವವಳ ಹಾಗೆ ಬಗ್ಗಿದ್ದೇನೆ.

ರೆನಿಟಾ ನಗಲಿಲ್ಲ. "ಇದು ಒಳ್ಳೆಯ ಕುರ್ಚಿ. ಎರ್ಗೊನಾಮಿಕ್ ಕುರ್ಚಿ, ಮೈಗೆ ಹೊಂದುವ ಹಾಗೆ ಮಾಡಿದ್ದು. ಎಲ್ಲ ಅಡ್ಜಸ್ಟ್‌ಮೆಂಟ್ ಉಂಟು. ಇಷ್ಟು ಮೇಲೆ ಎಂತಕ್ಕೆ ಇಟ್ಟಿದ್ದೀರಿ?"

"ನಾನು ಇಟ್ಟದ್ದಲ್ಲ. ಮಾವ ಇಟ್ಟದ್ದು. ಅದನ್ನು ಇಳಿಸ್ಲಿಕ್ಕೆ ಆಗುವುದಿಲ್ಲ."

"ಮತ್ತೆ ಲಿವರ್ ಎಂತಕ್ಕೆ ಉಂಟು, ಮಾರಾಯ್ತಿ?"

ಅವಳಿಗೆ ಹೇಗೆ ಹೇಳುವುದು? ನಮ್ಮದು ಅಳಿಯಕಟ್ಟಿನ ಕುಟುಂಬ. ಮಾವನದ್ದು ಸೋದರಳಿಯನಿಗೆ, ಸೋದರಸೊಸೆಗೆ ಬರುತ್ತದೆ. ಹಿಂದೆ ಗುತ್ತಿನ ಮನೆಗಳಲ್ಲಿ, ಅಂದರೆ ಊರಿನ ದೊಡ್ಡ ಜಮೀನ್ದಾರಿ ಮನೆಗಳಲ್ಲಿ, ಹೊಸ ಯಜಮಾನನನ್ನು ಹಿರಿಯರು ಕೈಹಿಡಿದು ಪೀಠದಲ್ಲಿ ಕೂರಿಸುತ್ತಿದ್ದರು. ಗಡಿ ಹಿಡಿಯುವುದು ಎನ್ನುತ್ತಾರೆ. ಈಗ ಗುತ್ತೂ ಇಲ್ಲ, ಗದ್ದೆಯೂ ಇಲ್ಲ, ಉಳಿದದ್ದು ಲಾರಿ ಆಫೀಸು. ಆದರೂ ಮಾವ ಬಿಡಲಿಲ್ಲ. ಹೊಸ ಕುರ್ಚಿ ತರಿಸಿದರು. ಮೇಜಿನ ಮೇಲೆ ಅಡಿಕೆ ಹೂವಿನ ಪಿಂಗಾರ, ತೆಂಗಿನಕಾಯಿ ಇಟ್ಟರು. ಡ್ರೈವರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. ನನ್ನನ್ನು ಕೂರಿಸುವ ಮೊದಲು ತಾವೇ ಬಗ್ಗಿ ಲಿವರ್ ಎಳೆದು ಕುರ್ಚಿಯನ್ನು ತುತ್ತತುದಿಗೆ ಏರಿಸಿದರು.

"ನೀನು ಗಿಡ್ಡ. ಬಂದವರು ನಿನ್ನನ್ನು ತಲೆ ಎತ್ತಿ ನೋಡಬೇಕು ಮಗಾ," ಎಂದರು.

ಅದರ ಮೇಲೆ ಒಂದು ಮಾತು ಸೇರಿಸಿದರು. "ಇನ್ನು ನಾನು ಇದರಲ್ಲಿ ಕೂರುವುದಿಲ್ಲ. ಕೊಟ್ಟದ್ದು ಕೊಟ್ಟದ್ದೇ."

ಹಾಗೇ ನಡೆದುಕೊಂಡರು. ಸಂಜೆ ಚಹಾಕ್ಕೆ ಬಂದರೆ ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯೇ ಅವರಿಗೆ. ಹಿರಿಯರು ಅಷ್ಟು ಪ್ರೀತಿಯಿಂದ ಏರಿಸಿದ್ದನ್ನು ನಾನು ಇಳಿಸುವುದು ಹೇಗೆ? ಅವರು ಕಣ್ಣೆದುರೇ ಇರುವಾಗ? ನನಗೆ ಧೈರ್ಯ ಬರಲಿಲ್ಲ. ಮೂರ್ಖತನ ಎಂದು ನೀವು ಹೇಳಬಹುದು. ನಮ್ಮ ಮನೆಯಲ್ಲಿ ಹುಟ್ಟಿದ್ದರೆ ನೀವೂ ಹೀಗೇ ನೇತಾಡುತ್ತಿದ್ದಿರಿ.

ಕಾಲಡಿಗೆ ಒಂದು ಮರದ ಪೆಟ್ಟಿಗೆ ಇಟ್ಟು ನೋಡಿದೆ. ಪ್ರಿಂಟರಿನ ಕಡೆ ತಿರುಗಿದಾಗಲೆಲ್ಲ ಕಾಲು ಪೆಟ್ಟಿಗೆಯಿಂದ ಜಾರಿ ಮತ್ತೆ ಗಾಳಿಯಲ್ಲಿ. ನೋವು ಹೆಚ್ಚಾಯಿತು. ಮಾತ್ರೆ ನುಂಗಿ ಹೋಗುತ್ತಿದ್ದೆ. ಮಾವನ ಎದುರು ನೆಟ್ಟಗೆ ನಡೆಯುತ್ತಿದ್ದೆ, ಕೋಣೆಗೆ ಬಂದು ಗೋಡೆ ಹಿಡಿಯುತ್ತಿದ್ದೆ. ಕಾಲಿನ ಉಗುರು ಕತ್ತರಿಸಲೂ ಆಗದೆ ಅಮ್ಮನ ಎದುರು ಮಗುವಿನ ಹಾಗೆ ಕಾಲು ಚಾಚಿ ಕೂತೆ. ಅಮ್ಮ ಉಗುರು ಕತ್ತರಿಸುತ್ತಾ ಪಾದದ ಮೇಲೆ ಬೆರಳಾಡಿಸಿ ಕೇಳಿದರು. "ಇಲ್ಲಿ ಗೊತ್ತಾಗ್ತದಾ?"

ಗೊತ್ತಾಗಲಿಲ್ಲ.

ಅವತ್ತು ಅಮ್ಮನಿಗೆ ಎಲ್ಲ ಹೇಳಿದೆ. ಮಾವನಿಗೆ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡೆ. ಅಮ್ಮನ ಆಣೆ ಮರುದಿನ ಮಧ್ಯಾಹ್ನದ ಊಟದವರೆಗೆ ಬಾಳಿತು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಕೇಳಿದ್ದೆ," ಎಂದರು ಅಮ್ಮ, ಮಾವನಿಗೆ ಮೀನುಸಾರು ಬಡಿಸುತ್ತಾ. "ಇವಳಿಗೆ ಕಾಲು ಇದ್ದಷ್ಟು ಕುರ್ಚಿ ಬೇಕಂತೆ. ಅಣ್ಣ ಏರಿಸಿದ್ದನ್ನು ಇಳಿಸ್ಲಿಕ್ಕೆ ಹೆದರಿ ಕಾಲೇ ಕಳ್ಕೊಳ್ಳುವ ಅಂದಾಜು ಉಂಟು."

ಮಾವನ ಕೈ ಬಟ್ಟಲಲ್ಲೇ ನಿಂತಿತು.

ಬಂಗುಡೆ ಸಾರು ಹಾಗೇ ಬಿಟ್ಟು ಎದ್ದರು. ಬಂಗುಡೆಯನ್ನು ಮಾವ ಬಿಟ್ಟು ಏಳುವುದನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅದೇ ಮೊದಲು. ಕೋಪವಾ, ದುಃಖವಾ ಎಂದು ತಿಳಿಯದೆ ನಾನೂ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋದರೆ, ಮಾವ ನನಗಿಂತ ಮೊದಲೇ ರಿಕ್ಷಾ ಹಿಡಿದು ಬಂದಿದ್ದಾರೆ. ನನ್ನ ಕುರ್ಚಿಯಲ್ಲಿ ಕೂತಿದ್ದಾರೆ. ಮುಗಿಯಿತು, ಮತ್ತೆ ವ್ಯವಹಾರ ಕೈಗೆತ್ತಿಕೊಂಡರು ಎಂದೇ ಅಂದುಕೊಂಡೆ.

"ಮಾವ, ನೀವು ಅದರಲ್ಲಿ ಕೂರುವುದಿಲ್ಲ ಅಂತ ಹೇಳಿದ್ದಲ್ಲ?"

"ಬಾಯಿ ಮುಚ್ಚು ಮಾರಾಯ್ತಿ. ಕೂರ್ಲಿಕ್ಕೆ ಬಂದದ್ದಲ್ಲ. ಇಳಿಸ್ಲಿಕ್ಕೆ ಬಂದದ್ದು."

ಆ ಕುರ್ಚಿ ತಗ್ಗಬೇಕಾದರೆ ಮೇಲೆ ಯಾರಾದರೂ ಕೂತು ಭಾರ ಹಾಕಬೇಕು. ಮಾವ ಹಮೀದ್ ಕಾಕನ ಎದುರು, ಇತರ ಡ್ರೈವರುಗಳ ಎದುರು, ಬದಿಯ ಲಿವರ್ ಎಳೆದರು. ಉಸ್ಸೆಂದು ಶಬ್ದವಾಯಿತು. ಆರಡಿ ಮಾವ ಮೆಲ್ಲಗೆ ಕೆಳಗೆ ಬಂದರು. ಮೊಣಕಾಲು ಎದೆಯ ಹತ್ತಿರ ಬಂತು. ಯಾರೂ ನಗಲಿಲ್ಲ.

"ಈಗ ಕೂತು ನೋಡು."

ಕೂತೆ. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿದವು. ನೆಲ ತಣ್ಣಗಿತ್ತು. ಬಲಗಾಲಿಗೆ ಚೆನ್ನಾಗಿ, ಎಡಗಾಲಿಗೆ ಸ್ವಲ್ಪ.

"ಎಂತ, ಮುಟ್ಟಿತಾ?"

ನಾನು ತಲೆಯಾಡಿಸಿದೆ.

ಆಮೇಲೆ ರೆನಿಟಾಳಿಗೆ ವಿಡಿಯೋ ಕಾಲ್. ಅವಳು ಹೇಳಿದಂತೆ ಮಾವ ಒಂದೊಂದೇ ತಿರುಗಿಸಿದರು. ಸೀಟನ್ನು ಹಿಂದೆ ತಳ್ಳಿ, ಅದರ ಅಂಚಿಗೂ ನನ್ನ ಮೊಣಕಾಲಿನ ಹಿಂಬದಿಗೂ ನಡುವೆ ಬೆರಳು ಹೋಗುವಷ್ಟು ಜಾಗ ಬಿಟ್ಟರು. ಸೊಂಟದ ಕುಳಿಗೆ ಒರಗಿನ ಉಬ್ಬು ಸರಿಯಾಗಿ ಕೂರುವ ಹಾಗೆ ಮಾಡಿದರು. ಕೈಯಿಡುವ ಹಿಡಿಗಳನ್ನು ತಗ್ಗಿಸಿದಾಗ ಕಿವಿಯ ಹತ್ತಿರ ಏರಿದ್ದ ನನ್ನ ಭುಜಗಳು ತಾವಾಗಿಯೇ ಇಳಿದವು. ಕಂಪ್ಯೂಟರನ್ನು ಕಣ್ಣಿನ ಮಟ್ಟಕ್ಕೆ ಎತ್ತಬೇಕಿತ್ತು. ಹಮೀದ್ ಕಾಕ ಲಾರಿಯಿಂದ ಜಾಕಿನ ಅಡಿಗೆ ಇಡುವ ಮರದ ತುಂಡು ತಂದು ಒರೆಸಿ ಕೊಟ್ಟರು. ಡೀಸೆಲ್ ವಾಸನೆ ಇನ್ನೂ ಹೋಗಿಲ್ಲ.

ಎಲ್ಲ ಮುಗಿದ ಮೇಲೆ ಮಾವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮುಖ ಒರೆಸಿಕೊಂಡರು. "ನಿನ್ನನ್ನು ಎತ್ತರ ಮಾಡ್ಲಿಕ್ಕೆ ಹೋಗಿ ಸೊಂಟ ಮುರಿದೆನಲ್ಲ ಮಗಾ."

"ಮುರಿಯಲಿಲ್ಲ ಮಾವ. ಬಲ್ಜ್ ಆದದ್ದು ಮಾತ್ರ," ಎಂದೆ. ಇಬ್ಬರೂ ಅತ್ತೆವು. ಹಮೀದ್ ಕಾಕ ಚಹಾ ತರಲು ಹೋದರು.

ಕುರ್ಚಿ ಒಂದರಿಂದಲೇ ವಾಸಿಯಾಯಿತು ಎಂದು ಹೇಳುವುದಿಲ್ಲ. ವ್ಯಾಯಾಮ ಬೇಕಾಯಿತು, ಮಾತ್ರೆ ಬೇಕಾಯಿತು, ಕಾವೂರು ಕೆರೆಯ ಬದಿಯ ನಿಧಾನ ನಡಿಗೆ ಬೇಕಾಯಿತು. ಪಾದದಲ್ಲಿ ಸ್ಪರ್ಶ ಮೆಲ್ಲಮೆಲ್ಲಗೆ ಮರಳಿದೆ, ಹೆಬ್ಬೆರಳಿನ ತುದಿಯೊಂದು ಇನ್ನೂ ಮುನಿಸಿಕೊಂಡಿದೆ. ಆಪರೇಷನ್ ಸದ್ಯಕ್ಕೆ ಬೇಡ ಎಂದಿದ್ದಾರೆ ಡಾಕ್ಟರು. ಸದ್ಯಕ್ಕೆ ಎಂಬ ಮಾತನ್ನು ನಾನು ಮರೆಯುವುದಿಲ್ಲ. ಎಷ್ಟು ಸರಿಯಾಗಿ ಕೂತರೂ ಆಗಾಗ ಎದ್ದು ನಡೆಯಬೇಕು ಎಂದು ರೆನಿಟಾ ಹೇಳಿದ್ದು ಮಾವನ ಕಿವಿಗೆ ಬಿದ್ದಿದೆ. ಈಗ ಮನೆಯಿಂದ ಫೋನು. "ಎದ್ದೆಯಾ?" ಎದ್ದೆ ಎಂದರೆ ಇಟ್ಟುಬಿಡುತ್ತಾರೆ. ಕೂತುಕೊಂಡೇ ಎದ್ದೆ ಎಂದರೆ ದನಿಯಲ್ಲೇ ಹಿಡಿಯುತ್ತಾರೆ.

ಮೊನ್ನೆ ಸಂಜೆ ಲೋಡು ಬುಕ್ ಮಾಡಲು ಹೊಸ ಪಾರ್ಟಿಯವರೊಬ್ಬರು ಬಂದರು. ಮರದ ತುಂಡಿನ ಮೇಲಿನ ಕಂಪ್ಯೂಟರಿನ ಹಿಂದೆ ನಾನು ಅವರಿಗೆ ಕಾಣಿಸಲೇ ಇಲ್ಲ. ಆಚೆ ಈಚೆ ನೋಡಿ, ಬಾಗಿಲ ಬಳಿ ಚಹಾ ಕುಡಿಯುತ್ತಿದ್ದ ಮಾವನನ್ನು ಕೇಳಿದರು. "ಧಣಿ ಇಲ್ವಾ?"

ಮಾವ ಗ್ಲಾಸು ಕೆಳಗಿಟ್ಟರು.

"ಅಲ್ಲೇ ಕೂತಿದ್ದಾಳಲ್ಲ," ಎಂದರು. "ನೀವು ಸ್ವಲ್ಪ ಬಗ್ಗಿ ನೋಡಿ."