ಹಾಗಲಕಾಯಿಯ ವಾರ

ಬಚ್ಚಲಿನ ಮೂಲೆಯ ಕಲ್ಲಿನ ಮೇಲೆ ಇರುವೆಗಳು ಸಾಲುಗಟ್ಟಿರಲಿಲ್ಲ, ಗುಂಪಾಗಿ ನಿಂತಿದ್ದವು. ಸಾಲಿನಲ್ಲಿ ಹೋಗುವ ಇರುವೆ ಎಲ್ಲಿಗೋ ಹೊರಟಿರುತ್ತದೆ. ಗುಂಪಾಗಿ ನಿಂತ ಇರುವೆಗೆ ಬೇಕಾದದ್ದು ಅಲ್ಲೇ ಸಿಕ್ಕಿರುತ್ತದೆ. ಒಂದು ಚೊಂಬು ನೀರು ಸುರಿದೆ. ಮಾರನೆಯ ದಿನ ಮತ್ತೆ ಬಂದವು.

ಇದು ಮಾಲೂರಿನಲ್ಲಿ ನಾನು ಬಾಡಿಗೆಗಿರುವ ಮನೆ. ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಒಬ್ಬಳೇ ಇದ್ದೇನೆ. ಹಾಗಾಗಿ ಇರುವೆಗಳ ಹೊಣೆಯನ್ನು ಬೇರೆಯವರ ತಲೆಗೆ ಕಟ್ಟುವ ಅನುಕೂಲವೂ ಇಲ್ಲ. ಬಚ್ಚಲಿನ ಸಂಗತಿಯನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಸ್ವಭಾವ ನನ್ನದಲ್ಲ. ನೀವು ಸ್ವಲ್ಪ ಸಹಿಸಿಕೊಳ್ಳಬೇಕು. ಮೂತ್ರಕ್ಕೆ ಇರುವೆ ಮುತ್ತಿದರೆ ಸಕ್ಕರೆ ಕಾಯಿಲೆ ಎಂಬುದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ನಮ್ಮ ದೊಡ್ಡಮ್ಮನಿಗೂ ಗೊತ್ತಿತ್ತು. ಸಂಕಟವೇ ಅದು.

ರಾಯಲ್ಪಾಡಿನ ಹತ್ತಿರ ದೊಡ್ಡಮ್ಮನವರ ಮಾವಿನ ತೋಟ. ಕಾಯಿ ಕಿತ್ತು ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ ಮೇಲೆ, ಯಾವ ರಾಶಿ ಯಾವತ್ತು ಮಂಡಿಗೆ ಹೋಗಬೇಕು ಎಂದು ತೀರ್ಮಾನಿಸುತ್ತಿದ್ದುದು ಅವಳ ನಾಲಿಗೆ. ರಾಶಿಯಿಂದ ಒಂದು ಹಣ್ಣು ತೆಗೆದು ಕೊಯ್ದು, ಒಂದು ಹೋಳು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, "ನಾಳಿದ್ದು" ಅನ್ನುವಳು. ದೊಡ್ಡಪ್ಪ ಗಾಡಿ ಕಟ್ಟುತ್ತಿದ್ದುದು ನಾಳಿದ್ದೇ. ಉಳಿದ ಹೋಳುಗಳನ್ನು ಬಿಸಾಡುವುದು ಪಾಪವಾದ್ದರಿಂದ ಅವೂ ಅವಳ ಹೊಟ್ಟೆಗೇ ಹೋಗುತ್ತಿದ್ದವು.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನು ಎಂ.ಎಸ್ಸಿ. ಓದುತ್ತಿದ್ದೆ, ರಜಕ್ಕೆ ಹೋದಾಗ ನೋಡಿದರೆ ದೊಡ್ಡಮ್ಮನ ರವಿಕೆಗಳೆಲ್ಲ ಜೋಲುತ್ತಿದ್ದವು, ಪಕ್ಕದಲ್ಲಿ ಸದಾ ಒಂದು ಬಿಂದಿಗೆ ನೀರು. ಹಿತ್ತಲಿನ ಇರುವೆಗಳನ್ನು ಅವಳೇ ತೋರಿಸಿದಳು, ಏನೋ ತಮಾಷೆಯ ಹಾಗೆ. ಶ್ರೀನಿವಾಸಪುರದ ಡಾಕ್ಟರ ಹತ್ತಿರ ಹೋಗೋಣ ಅಂದೆ.

"ಈಗ ಹೋದ್ರೆ ಆವಯ್ಯ ಏನಂತಾನೆ? ಮಾವಿನಹಣ್ಣು ಮುಟ್ಟಬೇಡ ಅಂತಾನೆ. ಸುಗ್ಗಿ ಮುಗಿದ್ಮೇಲೆ ಹೋದ್ರೆ, ಮುಟ್ಟಬೇಡ ಅಂದ್ರೂ ನಷ್ಟ ಇಲ್ಲ ಕಣೇ."

ಇಂಥ ಮಾತಿಗೆ ಉತ್ತರ ಕೊಡುವುದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ. ಸುಗ್ಗಿ ಮುಗಿಯಿತು, ಶ್ರಾವಣ ಬಂತು. ವರಮಹಾಲಕ್ಷ್ಮಿಯ ಹೋಳಿಗೆಯನ್ನು ಬೇಡವೆನ್ನುವುದು ಲಕ್ಷ್ಮಿಗೆ ಅವಮಾನ. ಗೌರಿ ಹಬ್ಬದ ಕಡುಬು ಮುಗಿಯುವಷ್ಟರಲ್ಲಿ ಪಿತೃಪಕ್ಷ. ಆ ಹದಿನೈದು ದಿನದಲ್ಲಿ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಡುತ್ತಾರೆಯೇ? ಆಮೇಲೆ ದಸರಾ, ದೀಪಾವಳಿ, ಧನುರ್ಮಾಸದ ಹುಗ್ಗಿ. ನಮ್ಮ ಪಂಚಾಂಗವನ್ನು ಮಾಡಿದವರು ಸಕ್ಕರೆ ಕಾಯಿಲೆಯವರಿಗೆ ಒಂದು ವಾರದ ಬಿಡುವನ್ನೂ ಇಟ್ಟಿಲ್ಲ.

ಪಂಚಾಂಗ ಸಾಲದಾದಾಗ ನನ್ನನ್ನೇ ಎಳೆದು ತಂದಳು. "ನಾಳೆ ನಿನ್ನ ನೋಡೋಕೆ ಬರೋರು ವಿಚಾರಿಸಲ್ವಾ? ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆಯಂತೆ, ವಂಶದಲ್ಲೇ ಐತಂತೆ ಅಂದ್ರೆ ಯಾರೇ ಮಾಡ್ಕೊಂತಾರೆ ನಿನ್ನ?"

"ನನ್ನ ಮದುವೆಗೂ ನಿನ್ನ ಮೂತ್ರಕ್ಕೂ ಏನು ಸಂಬಂಧ ದೊಡ್ಡಮ್ಮ?" ಅಂದುಬಿಟ್ಟೆ. ನಾನು ಅಷ್ಟು ಜೋರಾಗಿ ಮಾತಾಡಿದ್ದನ್ನು ಆ ಮನೆಯವರು ಅದಕ್ಕೆ ಮುಂಚೆ ಕೇಳಿರಲಿಲ್ಲ. ಜಗಲಿಯ ಮೇಲೆ ಕೂತಿದ್ದ ದೊಡ್ಡಪ್ಪ ಬೀಡಿ ಆರಿಸಿ ಎದ್ದುಹೋದರು.

ಸಂಕ್ರಾಂತಿಯ ಎಳ್ಳುಬೆಲ್ಲವೂ ಮುಗಿದ ಮೇಲೆ ದೊಡ್ಡಮ್ಮ ಒಂದು ದಿನ ತಾನಾಗಿಯೇ, "ಮುಂದಿನ ಸೋಮವಾರ ಬಾರೇ ಅಮ್ಮಣ್ಣಿ, ಹೋಗಿಬರೋಣ" ಎಂದಳು. ಇಂದೇ ಏಕಲ್ಲ, ಮುಂದಿನ ಸೋಮವಾರವೇ ಏಕೆ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಗೆದ್ದ ಹುಮ್ಮಸ್ಸಿನಲ್ಲಿದ್ದೆ.

ಡಾಕ್ಟರು ನೀಲಿ ದ್ರಾವಣಕ್ಕೆ ಅವಳ ಮೂತ್ರದ ಕೆಲವು ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ಸಕ್ಕರೆಯಿದ್ದರೆ ಅದು ಹಸಿರಾಗಿ, ಹಳದಿಯಾಗಿ, ಇಟ್ಟಿಗೆಯ ಬಣ್ಣಕ್ಕೆ ತಿರುಗಬೇಕು. ಅದು ನೀಲಿಯಾಗಿಯೇ ಕುದಿಯಿತು. ಡಾಕ್ಟರು ಹುಬ್ಬು ಗಂಟಿಕ್ಕಿ, "ಊಟ ಎಲ್ಲಾ ಎಂದಿನ ಹಾಗೇ ತಾನೇ?" ಎಂದರು.

"ಹೂಂ ಸ್ವಾಮಿ, ದಿನಾ ಏನೋ ಅದೇ."

ಕೋಲಾರದಲ್ಲಿ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಬಿಡಿ ಎಂದು ಅವರು ಹೇಳಿದ್ದು ನನ್ನ ಕಿವಿಗೆ ಬಿತ್ತು, ದೊಡ್ಡಮ್ಮನ ಕಿವಿಗೆ ಬೀಳಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಅವಳ ಮುಖ ಅರಳಿತ್ತು. ಕಡೆಗೆ ತಡೆಯಲಾರದೆ ನನ್ನ ಕಿವಿಯಲ್ಲಿ ಹೇಳಿದಳು: ಹೋದ ಸೋಮವಾರದಿಂದ ಬೆಳಗ್ಗೆ ಹಾಗಲಕಾಯಿ ರಸ, ನೆನೆಸಿದ ಮೆಂತ್ಯ, ಮಧ್ಯಾಹ್ನ ಅಂಗೈಯಷ್ಟು ಮುದ್ದೆ, ಸೊಪ್ಪಿನ ಸಾರು, ರಾತ್ರಿ ಏನೂ ಇಲ್ಲ.

ನಾನು ತಲೆ ಚಚ್ಚಿಕೊಂಡೆ. "ಎಂದಿನ ಹಾಗೆ ಉಂಡು ಹೋಗಬೇಕಿತ್ತು ದೊಡ್ಡಮ್ಮ! ಇಲ್ಲದಿದ್ದರೆ ಅವರಿಗೆ ಗೊತ್ತಾಗೋದು ಹೇಗೆ?"

"ನೀನು ಪರೀಕ್ಷೆಗೆ ಓದ್ಕೊಂಡು ಹೋಗಲ್ವೇನೇ? ನಾನೂ ಹಂಗೇ."

"ಕೋಲಾರಕ್ಕಾದರೂ ಹೋಗೋಣ."

"ಪಾಸಾದೋರು ಇನ್ನೊಂದ್ಸಲ ಕೂರ್ತಾರಾ? ಸುಮ್ಕಿರು."

ಮನೆ ಬಾಗಿಲಲ್ಲಿ ದೊಡ್ಡಪ್ಪ, "ಏಮಾಯೆ?" ಎಂದು, ಏನಾಯಿತೆಂದು ತೆಲುಗಿನಲ್ಲಿ ಕೇಳಿದರು. ಏನೂ ಇಲ್ಲವಂತೆ ಎಂದು ಹೇಳಿ ದೊಡ್ಡಮ್ಮ ನೇರವಾಗಿ ಒಳಗೆ ಹೋದಳು. ಆ ಸಂಜೆ ಶಾವಿಗೆ ಪಾಯಸ ಮಾಡಿದಳು. ನಾನು ಕುಡಿಯಲಿಲ್ಲ. ನನ್ನ ಲೋಟವನ್ನೂ ಅವಳೇ ಕುಡಿದಳು.

ಮುಂದಿನ ಸುಗ್ಗಿಯಲ್ಲಿ ಹಣ್ಣಿನ ಬುಟ್ಟಿಯ ಸಿಬಿರು ಅವಳ ಕಾಲಿನ ಬೆರಳಿಗೆ ಚುಚ್ಚಿತು. ಅರಿಸಿನ ಹಚ್ಚಿದಳು, ಗಾಯ ಮಾಯಲಿಲ್ಲ. ಬೆರಳು ಕಪ್ಪಾದ ಮೇಲೆ ಕೋಲಾರಕ್ಕೆ ಹೋದರು. ಅಲ್ಲಿ ಎರಡು ಬೆರಳು ತೆಗೆದರು. ಓದಿಕೊಂಡು ಹೋಗಲು ಆಗ ಯಾರೂ ಅವಳಿಗೆ ಒಂದು ವಾರದ ಸಮಯ ಕೊಡಲಿಲ್ಲ.

ಈಗಲೂ ರಾಶಿಯ ಮುಂದೆ ಅವಳೇ ಕೂರುತ್ತಾಳೆ. ಹಣ್ಣು ಕೊಯ್ದು ಹೋಳನ್ನು ದೊಡ್ಡಪ್ಪನ ಬಾಯಿಗೆ ಹಾಕಿ, ಅವರ ಮುಖವನ್ನೇ ದಿಟ್ಟಿಸಿ ನೋಡಿ, "ನಾಳಿದ್ದು" ಅನ್ನುತ್ತಾಳೆ. ತಪ್ಪುವುದಿಲ್ಲವಂತೆ. ಆದರೆ ಹೇಳಿದ ಮೇಲೆ ಬೆರಳನ್ನು ಸೀರೆಗೆ ಒರೆಸಿಕೊಳ್ಳುತ್ತಾಳೆ, ಮೊದಲಿನ ಹಾಗೆ ನೆಕ್ಕುವುದಿಲ್ಲ. ನಾನು ಆ ಹೊತ್ತಿಗೆ ಬೇರೆ ಕಡೆ ನೋಡುತ್ತೇನೆ.

ಇಷ್ಟೆಲ್ಲ ಬಲ್ಲ ನಾನು ಇರುವೆಗಳನ್ನು ಕಂಡು ಏನು ಮಾಡಿದೆ ಎನ್ನುತ್ತೀರಿ? ಬೆಲ್ಲದ ಡಬ್ಬಿ ತೊಳೆದ ನೀರು ಅಲ್ಲಿ ಬಿದ್ದಿರಬೇಕು ಅಂದುಕೊಂಡೆ. ನನಗಿನ್ನೂ ಮೂವತ್ತಾಗಿಲ್ಲ, ಈ ವಯಸ್ಸಿಗೆ ಬರುವ ಕಾಯಿಲೆಯಲ್ಲ ಅಂದುಕೊಂಡೆ. ಈ ಊರಿನ ಡಾಕ್ಟರ ಬೆಂಚಿನ ಮೇಲೆ ನನ್ನ ವಿದ್ಯಾರ್ಥಿಗಳ ತಾಯಂದಿರು ಕೂತಿರುತ್ತಾರೆ. ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಿ, ಗುರುತಿನವರಿಲ್ಲದ ಕೋಲಾರಕ್ಕೆ ಹೋದರಾಯಿತು ಅಂದುಕೊಂಡೆ. ನಿನ್ನೆ ಸಂಜೆ ಕಾಫಿ ಕುಡಿಯುತ್ತಿದ್ದಾಗ ಅದು ಕಹಿ ಎನ್ನಿಸಿತು. ಆಗ ನೆನಪಾಯಿತು, ಎರಡು ದಿನದಿಂದ ನಾನು ಕಾಫಿಗೆ ಸಕ್ಕರೆಯನ್ನೇ ಹಾಕಿಕೊಂಡಿಲ್ಲ. ಯಾರೂ ಬೇಡವೆಂದಿರಲಿಲ್ಲ. ಪಕ್ಕದ ತಟ್ಟೆಯಲ್ಲಿ, ಸಂತೆಯಿಂದ ನಾನೇ ಆರಿಸಿ ತಂದ ಹಾಗಲಕಾಯಿ.

ಇವತ್ತು ಬೆಳಗ್ಗೆ ಉಪ್ಪಿಟ್ಟು ಮಾಡಿ, ಬಾಳೆಹಣ್ಣು ಕಲಸಿಕೊಂಡು ಎಂದಿನಷ್ಟೇ ತಿಂದೆ. ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿದೆ. ತೊಳೆದಿಟ್ಟಿದ್ದ ಟಾನಿಕ್ ಸೀಸೆಯಲ್ಲಿ ಮೂತ್ರ ಹಿಡಿದು, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು, ಇದೇ ಊರಿನ ಡಾಕ್ಟರ ಹತ್ತಿರ ಹೋದೆ. ಬೆಂಚಿನ ಮೇಲೆ ನಾನು ಹೆದರಿದ್ದವರೇ ಇದ್ದರು. ಒಬ್ಬಾಕೆ ಸರಿದು ಜಾಗ ಮಾಡಿಕೊಟ್ಟು, "ಯಾರಿಗೆ ಹುಷಾರಿಲ್ಲ ಮೇಡಂ?" ಎಂದರು.

"ನನಗೇ" ಎಂದು ಕೂತೆ.