ಬಾಕಿಯಿಲ್ಲವೆಂಬ ಸಹಿ

ಆಕೆ ಮಕ್ಕಳ ಪಾಠಪುಸ್ತಕಗಳಿಗೆ ಚಿತ್ರ ಬರೆದು ಬದುಕುತ್ತಿದ್ದವಳು. ಎಲೆಯ ನರ, ಕಪ್ಪೆಯ ಹೊಟ್ಟೆ, ನೀರಿನ ಪಂಪು, ಏನು ಹೇಳಿದರೂ ಅಚ್ಚುಕಟ್ಟಾಗಿ ಬರೆದುಕೊಡುವಳೆಂದು ಹೆಸರಿತ್ತು. ಹಣ ಕೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಅಕ್ಕ ಅವಳನ್ನು ‘ಸಂಕೋಚದ ಮುದ್ದೆ’ ಎನ್ನುತ್ತಿದ್ದಳು.

ಇಬ್ಬರೂ ಮದುವೆಯಾಗಿರಲಿಲ್ಲ. ಎರಡು ಕೋಣೆಯ ಬಾಡಿಗೆ ಮನೆ. ಕಿಟಕಿಯ ಬೆಳಕಿಗೆ ತಂಗಿಯ ಮೇಜು, ಬಾಗಿಲ ಬೆಳಕಿಗೆ ಅಕ್ಕನ ಹೊಲಿಗೆ ಯಂತ್ರ. ಅಕ್ಕನಿಗೆ ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ. ದಿನಕ್ಕೆರಡು ಹೊತ್ತು ಔಷಧಿಯ ಹನಿ ತಪ್ಪಿಸುವಂತಿರಲಿಲ್ಲ.

ಆ ವರ್ಷ ಪ್ರಕಾಶಕನೊಬ್ಬ ಇನ್ನೂರು ಚಿತ್ರಗಳ ಕೆಲಸ ಕೊಟ್ಟ. ಉಳಿದದ್ದನ್ನೆಲ್ಲ ಬದಿಗಿಟ್ಟು ಐದು ತಿಂಗಳು ಕೂತು ಮುಗಿಸಿದಳು. ಪುಸ್ತಕ ಅಚ್ಚಾಗಿ ಶಾಲೆಗಳಿಗೂ ಹೋಯಿತು. ಹಣ ಬರಲಿಲ್ಲ. ಫೋನ್ ಮಾಡಿದರೆ ಗುಮಾಸ್ತ, “ಸಾಹೇಬ್ರು ಊರಲ್ಲಿಲ್ಲ, ಮುಂದಿನ ವಾರ ನೋಡೋಣ” ಎನ್ನುತ್ತಿದ್ದ. ಮುಂದಿನ ವಾರ ಬಿಲ್ಲಿಗೆ ಸಹಿ ಆಗಿರಲಿಲ್ಲ. ಅದರ ಮುಂದಿನ ವಾರ ಬಿಲ್ಲೇ ಸಿಗುತ್ತಿರಲಿಲ್ಲ.

“ಜೋರಾಗಿ ಕೇಳೇ, ನಿನ್ನ ದುಡ್ಡು ತಾನೇ” ಎಂದಳು ಅಕ್ಕ.

“ಜೋರು ಮಾಡಿದ್ರೆ ಮುಂದಿನ ಪುಸ್ತಕ ಕೊಡಲ್ಲ ಅಕ್ಕ.”

“ಕೊಟ್ರೆ ಅದಕ್ಕೂ ನಾಮ ಹಾಕ್ತಾನೆ ಅಷ್ಟೇ.”

ಚಿತ್ರಗಳನ್ನು ಕೊಟ್ಟ ಏಳನೆಯ ತಿಂಗಳು ಅಕ್ಕ ಒಂದು ಅಂಗಿಗೆ ತೋಳನ್ನು ತಿರುವುಮುರುವಾಗಿ ಹೊಲಿದಳು. ಗಿರಾಕಿ ಬೈದು ಹೋದ ಮೇಲೆ ತಂಗಿ ಔಷಧಿಯ ಡಬ್ಬಿ ತೆಗೆದು ನೋಡಿದಳು. ಒಂದು ತಿಂಗಳಿಗೆ ಮುಗಿಯಬೇಕಾದ ಸೀಸೆ. ಕೊಂಡು ಮೂರು ತಿಂಗಳಾಗಿದ್ದರೂ ಇನ್ನೂ ಕಾಲುಭಾಗ ಉಳಿದಿತ್ತು.

“ಇದೇನಕ್ಕ?”

“ದಿನ ಬಿಟ್ಟು ದಿನ, ಒಂದೇ ಹೊತ್ತು ಹಾಕ್ಕೋತಿದ್ದೆ. ಬಾಡಿಗೆ ಕಟ್ಟಬೇಕಿತ್ತಲ್ಲ.”

ಆಸ್ಪತ್ರೆಯಲ್ಲಿ ವೈದ್ಯೆ ಸುತ್ತಿಬಳಸಿ ಹೇಳಲಿಲ್ಲ. “ಎಡಗಣ್ಣಿನ ದೃಷ್ಟಿ ಇನ್ನು ಬರಲ್ಲ. ಬಲಗಣ್ಣು ಉಳೀಬೇಕಂದ್ರೆ ಈ ವಾರವೇ ಆಪರೇಷನ್ ಆಗಬೇಕು.”

ಮರುದಿನ ಬೆಳಿಗ್ಗೆ ತಂಗಿ ಪ್ರಕಾಶಕನ ಕೋಣೆಗೆ ನೇರ ನುಗ್ಗಿ ಅವನೆದುರಿನ ಕುರ್ಚಿಯಲ್ಲಿ ಕೂತಳು. “ದುಡ್ಡು ಕೊಡೋವರೆಗೂ ಏಳಲ್ಲ” ಎಂದಳು. ಅವನು ಬಂದವರೊಡನೆ ಮಾತಾಡಿದ, ಎದುರಿಗೇ ಊಟ ಮಾಡಿದ. ಮೂರು ಗಂಟೆಗೆ ಅರ್ಧ ಮೊತ್ತದ ಚೆಕ್ಕನ್ನೂ, ಇನ್ನೇನೂ ಬಾಕಿಯಿಲ್ಲವೆಂಬ ಕಾಗದವನ್ನೂ ಮುಂದಿಟ್ಟ.

“ಸಹಿ ಹಾಕಿ ತಗೊಂಡು ಹೋಗಿ. ಪೂರ್ತಿ ಬೇಕಂದ್ರೆ ಕೋರ್ಟಿಗೆ ಹೋಗಿ.”

ಕೋರ್ಟಿಗೆ ಅಲೆಯುವಷ್ಟು ದಿನ ಅಕ್ಕನ ಕಣ್ಣಿಗಿರಲಿಲ್ಲ. ಸಹಿ ಹಾಕಿದಳು.

ಬಲಗಣ್ಣು ಉಳಿಯಿತು, ಹೊಲಿಗೆ ನಿಂತಿತು. ಒಮ್ಮೆ ತಂಗಿ ತಡೆಯಲಾರದೆ ಕೇಳಿದಳು: “ಔಷಧಿ ವಿಷಯ ನನಗೆ ಹೇಳಬಾರದಿತ್ತಾ?”

“ನೀನು ಅವನನ್ನ ಮೊದಲೇ ಕೇಳಬಾರದಿತ್ತಾ?” ಎಂದಳು ಅಕ್ಕ. ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ.

ಈಗ ಅರ್ಧ ಹಣ ಮುಂಗಡ ಬಾರದೆ ತಂಗಿ ಪೆನ್ಸಿಲ್ ಮುಟ್ಟುವುದಿಲ್ಲ. ಅವಳಿಗೆ ಕೆಲಸ ಕೊಡುತ್ತಿದ್ದ ಬೇರೆ ನಾಲ್ವರು ಪ್ರಕಾಶಕರಲ್ಲಿ ಮೂವರು ಅವಳಿಗೆ ಕೊಬ್ಬು ಬಂದಿದೆಯೆಂದು ದೂರವಾದರು. ಕೊರತೆ ತುಂಬಲು ಶಾಲೆಯೊಂದರಲ್ಲಿ ಚಿತ್ರ ಕಲಿಸುತ್ತಾಳೆ. ಉಳಿದ ಒಬ್ಬನಿಗೆ ಹಣ ಕೇಳುವ ಫೋನು ಮಾಡುವವಳು ಅಕ್ಕ. ಗಡುವಿನ ಮರುದಿನ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಮಾಡುತ್ತಾಳೆ.